ಮಂಗಾ ಈಗ ಎಲ್ಲಿ ತಗೋಳೋದು? ಚೈನ್ ಪುಸ್ತಕದಂಗಡಿಗಳು ಬಾಗಿಲು ಹಾಕಿದ್ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರೋ ನಮ್ಮೋರು, ಅವರ ಮಕ್ಕಳು, ಬೆಂಗಳೂರು ಮೈಸೂರಿಂದ ಮೆಸೇಜ್ ಹಾಕೋ ಕಾಲೇಜು ಹುಡುಗ್ರು, ಎಲ್ರೂ ಸುತ್ತಿ ಬಳಸಿ ಇವನ್ನೇ ಕೇಳ್ತಾರೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದೀನಿ. ನಾನಿರೋದು ನ್ಯೂಜೆರ್ಸಿ, ಹಾಗಾಗಿ ಜಾಸ್ತಿ ಮಾತು ಅಮೆರಿಕದ್ದೇ. ಊರಿನ ಪ್ರಶ್ನೆಗಳೂ ಕೆಳಗೆ ಇವೆ. ಪ್ರಶ್ನೆಗಳನ್ನ ಅವರು ಕೇಳಿದ ಹಾಗೇ ಬಿಟ್ಟಿದೀನಿ.

## ಮೊದಲು ತಿಳ್ಕೋಬೇಕಾದ್ದು

ಮಂಗಾ ಅಂದ್ರೆ ಕಾಮಿಕ್ಸೇ ತಾನೇ? ಯಾವ ಪುಸ್ತಕದಂಗಡೀಲಾದ್ರೂ ಸಿಗ್ಬೇಕಲ್ವಾ?

ಕಾಮಿಕ್ಸೇ, ಜಪಾನಿಂದು. ಆದ್ರೆ ಅಂಗಡಿಯವರ ಕಷ್ಟ ಬೇರೆ. ಒಂದು ಕಾದಂಬರಿಗೆ ಶೆಲ್ಫಲ್ಲಿ ಒಂದು ಪುಸ್ತಕದ ಜಾಗ ಸಾಕು. ಮಂಗಾ ಹಾಗಲ್ಲ, ಇನ್ನೂರು ಪುಟದ ಆಸುಪಾಸಿನ ವಾಲ್ಯೂಮ್‌ಗಳು ಒಂದರ ಹಿಂದೆ ಒಂದು ಬರ್ತಾನೇ ಇರುತ್ವೆ. ಒನ್ ಪೀಸ್ ಜಪಾನಲ್ಲಿ ಶುರುವಾಗಿದ್ದು 1997ರಲ್ಲಿ, ನೂರು ವಾಲ್ಯೂಮ್ ದಾಟಿ ಇನ್ನೂ ನಡೀತಿದೆ, ಅದೊಂದಕ್ಕೇ ಒಂದು ಇಡೀ ಬೀರು ಬೇಕು. ಇದರಲ್ಲಿ ನಡುವೆ ಒಂದು ನಂಬರ್ ಖಾಲಿ ಆಯ್ತು ಅನ್ಕೊಳ್ಳಿ. ಶೆಲ್ಫಲ್ಲಿ 1, 2, 3 ಇದೆ, 4 ಇಲ್ಲ, 5ರಿಂದ 11ರವರೆಗೆ ಅಚ್ಚುಕಟ್ಟಾಗಿ ನಿಂತಿದೆ. ಆ ಏಳು ಪುಸ್ತಕಾನೂ ಅವತ್ತು ಯಾರೂ ಮುಟ್ಟಲ್ಲ, ಮೂರು ಓದಿದೋರಿಗೆ ಬೇಕಾಗಿರೋದು ನಾಲ್ಕೇ. ಅಂಗಡಿಯವರು ವಾರವಾರ ಕೂತು ಯಾವ ನಂಬರ್ ಹೋಯ್ತು ಅಂತ ನೋಡಿ ತರಿಸ್ತಾ ಇದ್ರೆ ಮಾತ್ರ ಮಂಗಾ ಸೆಕ್ಷನ್ ಬದುಕುತ್ತೆ. ಸುಮ್ನೆ ಒಂದಷ್ಟು ತಂದು ಜೋಡಿಸಿಟ್ರೆ ಧೂಳು ತಿನ್ನುತ್ತೆ ಅಷ್ಟೇ.

ಎಲ್ರೂ ಬಾರ್ಡರ್ಸ್ ಬಾರ್ಡರ್ಸ್ ಅಂತ ಹಲುಬ್ತಾರಲ್ಲ, ಏನದು?

ಬಾರ್ಡರ್ಸ್ ಅನ್ನೋದು ಅಮೆರಿಕದ ಎರಡನೇ ದೊಡ್ಡ ಪುಸ್ತಕದಂಗಡಿ ಚೈನ್ ಆಗಿತ್ತು. 1971ರಲ್ಲಿ ಮಿಶಿಗನ್ನಿನ ಆ್ಯನ್ ಆರ್ಬರ್ ಊರಲ್ಲಿ ಟಾಮ್ ಮತ್ತು ಲೂಯಿಸ್ ಬಾರ್ಡರ್ಸ್ ಅನ್ನೋ ಅಣ್ಣತಮ್ಮಂದಿರು ಹಾಕಿದ ಅಂಗಡಿ. ಆಮೇಲೆ ಕೆಮಾರ್ಟ್ ಅನ್ನೋ ದೊಡ್ಡ ಅಂಗಡಿ ಕಂಪನಿ ಕೈಗೆ ಹೋಯ್ತು, ಮಾಲ್‌ಗಳಲ್ಲಿದ್ದ ವಾಲ್ಡನ್‌ಬುಕ್ಸ್ ಜೊತೆ ಸೇರ್ಕೊಂಡು ದೇಶ ತುಂಬಾ ಹರಡ್ತು. 2011ರ ಫೆಬ್ರವರಿ 16ಕ್ಕೆ ದಿವಾಳಿ ಅರ್ಜಿ ಹಾಕಿದ್ರು, ಕೊಳ್ಳೋರು ಯಾರೂ ಸಿಗದೆ ಜುಲೈಯಲ್ಲಿ ಎಲ್ಲಾ ಮಾರಿ ಮುಚ್ಚೋದು ಅಂತ ತೀರ್ಮಾನ ಆಯ್ತು, ಆಗ ಉಳಿದಿದ್ದ 399 ಅಂಗಡಿಗೂ ಸೆಪ್ಟೆಂಬರ್ ಹೊತ್ತಿಗೆ ಬೀಗ ಬಿತ್ತು. ಸುಮಾರು 10,700 ಜನರ ಕೆಲಸ ಹೋಯ್ತು.

ಮಂಗಾ ಓದೋರು ಇದನ್ನ ಇವತ್ತಿಗೂ ನೆನೆಸ್ಕೊಳ್ಳೋಕೆ ಕಾರಣ ಇದೆ. 2000ದ ದಶಕದಲ್ಲಿ ಅಮೆರಿಕದ ಮಂಗಾ ಓದುಗರು ತಯಾರಾಗಿದ್ದೇ ಬಾರ್ಡರ್ಸ್ ಮತ್ತು ವಾಲ್ಡನ್‌ಬುಕ್ಸ್ ನೆಲದ ಮೇಲೆ. ಶಾಲೆ ಮುಗಿಸ್ಕೊಂಡು ಬಂದ ಮಕ್ಕಳು ಸಾಲುಗಳ ನಡುವೆ ಕಾರ್ಪೆಟ್ ಮೇಲೆ ಕಾಲು ಚಾಚಿ ಕೂತು ಒಂದಿಡೀ ವಾಲ್ಯೂಮ್ ಓದಿ ಮುಗಿಸೋರು, ಯಾರೂ ಎಬ್ಬಿಸ್ತಿರಲಿಲ್ಲ. ಅದರಲ್ಲೂ ಹುಡುಗೀರು. ಕಾಮಿಕ್ಸ್ ಅಂಗಡಿ ಅಂದ್ರೆ ಆಗ ಬಹುತೇಕ ಗಂಡಸರ ಜಾಗ, ಹದಿಮೂರರ ಹುಡುಗಿ ಒಬ್ಬಳೇ ಒಳಗೆ ಹೋಗೋಕೆ ಹಿಂಜರಿಯೋಳು, ಮಾಲಲ್ಲಿರೋ ಪುಸ್ತಕದಂಗಡಿಗೆ ಆ ಭಯ ಇರ್ಲಿಲ್ಲ, ಅಮ್ಮ ಪಕ್ಕದಂಗಡೀಲಿ ಬಟ್ಟೆ ನೋಡೋ ಹೊತ್ತಿಗೆ ಇವಳು ಫ್ರೂಟ್ಸ್ ಬಾಸ್ಕೆಟ್ ಅನ್ನೋ ಮಂಗಾ ಓದಬಹುದಿತ್ತು. ಬಾರ್ಡರ್ಸಿನಲ್ಲಿ ಗ್ರಾಫಿಕ್ ನಾವೆಲ್ ಖರೀದಿ ನೋಡ್ಕೊಳ್ತಿದ್ದ ಕರ್ಟ್ ಹಾಸ್ಲರ್ ಮಂಗಾ ಮೇಲೆ ನಂಬಿಕೆ ಇಟ್ಟು ಜಾಗ ಕೊಟ್ಟವರು, 2006ರಲ್ಲಿ ಅಲ್ಲಿಂದ ಹೊರಬಂದು ಯೆನ್ ಪ್ರೆಸ್ ಅನ್ನೋ ಮಂಗಾ ಪ್ರಕಾಶನ ಕಟ್ಟೋದ್ರಲ್ಲಿ ಸೇರ್ಕೊಂಡ್ರು.

ಅಂದ್ರೆ ಮಂಗಾ ಓದೋರು ಕಮ್ಮಿ ಆಗಿದ್ದಕ್ಕೇ ಆ ಅಂಗಡಿ ಮುಚ್ಚಿದ್ದಾ?

ಅಲ್ಲ, ಮಂಗಾ ಅವರ ವ್ಯಾಪಾರದಲ್ಲಿ ಒಂದು ಮೂಲೆ ಅಷ್ಟೇ. ಬಾರ್ಡರ್ಸ್ ಮುಳುಗಿದ್ದು ಬೇರೆ ಲೆಕ್ಕಕ್ಕೆ. 2001ರಲ್ಲಿ ತಮ್ಮ ಆನ್‌ಲೈನ್ ಮಾರಾಟಾನ ಅಮೆಜಾನಿಗೇ ವಹಿಸಿಕೊಟ್ರು. ಏಳು ವರ್ಷ ಅವರ ಗಿರಾಕಿ ಅಮೆಜಾನಲ್ಲಿ ಕೊಳ್ಳೋದು ರೂಢಿ ಮಾಡ್ಕೊಂಡ, 2008ರಲ್ಲಿ ಸ್ವಂತ ಸೈಟ್ ತೆರೆಯೋ ಹೊತ್ತಿಗೆ ಅವನು ವಾಪಸ್ ಬರ್ಲಿಲ್ಲ. ಸಿಡಿ ಡಿವಿಡಿಗೆ ಅಂಗಡಿಯ ಎಷ್ಟೋ ಜಾಗ ಕೊಟ್ಟಿದ್ರು, ಆ ವ್ಯಾಪಾರ ಕಣ್ಮುಂದೆ ಕರಗಿಹೋಯ್ತು. ದೊಡ್ಡ ದೊಡ್ಡ ಕಟ್ಟಡಗಳ ಬಾಡಿಗೆ ಕರಾರು, ಮೇಲೆ ಸಾಲ, ಅದರ ಮೇಲೆ 2008ರ ಆರ್ಥಿಕ ಕುಸಿತ.

ಮಂಗಾ ಮಾರಾಟಾನೂ ಆಗ ಇಳೀತಿತ್ತು ಅನ್ನೋದು ನಿಜ. ಕಾಮಿಕ್ಸ್ ವ್ಯಾಪಾರದ ಲೆಕ್ಕ ಇಡೋ ಐಸಿವಿ2 ಅಂದಾಜಲ್ಲಿ 2007ಕ್ಕೆ 210 ಮಿಲಿಯನ್ ಡಾಲರ್ ಇದ್ದದ್ದು 2012ಕ್ಕೆ 65 ಮಿಲಿಯನ್ ಆಸುಪಾಸಿಗೆ ಬಂತು. ಮಾರುಕಟ್ಟೆ ತಡ್ಕೊಳ್ಳೋದಕ್ಕಿಂತ ಜಾಸ್ತಿ ಪುಸ್ತಕ ಸುರಿದಿದ್ರು, ಕದ್ದು ಸ್ಕ್ಯಾನ್ ಮಾಡಿ ಹಾಕೋ ಸೈಟ್‌ಗಳಿದ್ವು, ಕಾರ್ಟೂನ್ ನೆಟ್‌ವರ್ಕಿನ ಟೂನಾಮಿ ಕಾರ್ಯಕ್ರಮ 2008ರಲ್ಲಿ ನಿಂತುಹೋಗಿ ಮಕ್ಕಳಿಗೆ ಹೊಸ ಅನಿಮೆ, ಅಂದ್ರೆ ಜಪಾನಿ ಕಾರ್ಟೂನ್, ಸಿಗೋ ದಾರಿ ಕಿರಿದಾಯ್ತು. ಇಷ್ಟೆಲ್ಲಾ ಇದ್ದಾಗ ಪುಸ್ತಕ ಕೈಗೆ ಸಿಗ್ತಿದ್ದ ಜಾಗಾನೇ ಹೋಯ್ತು. ನನ್ನ ಪ್ರಕಾರ ಅತಿ ದೊಡ್ಡ ಪೆಟ್ಟು ಅದೇ, ಯಾಕಂದ್ರೆ ಹೆಸರು ಗೊತ್ತಿರೋ ಪುಸ್ತಕಾನ ಎಲ್ಲಿಂದಾದ್ರೂ ತರಿಸ್ಕೋಬಹುದು, ಹೆಸರೇ ಕೇಳದ ಪುಸ್ತಕದ ಮೊದಲನೇ ವಾಲ್ಯೂಮ್ ಕಣ್ಣಿಗೆ ಬೀಳ್ಬೇಕಂದ್ರೆ ಎದುರಿಗೆ ಶೆಲ್ಫ್ ಬೇಕು.

ಅಂಗಡಿ ಮುಚ್ಚಿದ್ರೆ ಪಬ್ಲಿಷರ್ ಯಾಕೆ ಮುಳುಗ್ಬೇಕು? ಟೋಕಿಯೋಪಾಪ್ ಕತೆ ಏನು?

ಅಮೆರಿಕದ ಪುಸ್ತಕ ವ್ಯಾಪಾರದಲ್ಲಿ ಅಂಗಡಿಯವರು ಪುಸ್ತಕ ತರಿಸ್ಕೊಂಡು, ಮಾರಾಟ ಆಗದೆ ಉಳಿದದ್ದನ್ನ ಪಬ್ಲಿಷರಿಗೇ ವಾಪಸ್ ಕಳಿಸಬಹುದು. ಪಬ್ಲಿಷರ್ ಲೆಕ್ಕದ ಪುಸ್ತಕದಲ್ಲಿ ಮಾರಾಟ ಅಂತ ಬರ್ಕೊಂಡಿದ್ದು ಆರು ತಿಂಗಳಾದ್ಮೇಲೆ ಲಾರಿಯಲ್ಲಿ ವಾಪಸ್ ಬಂದು ಗೋಡೌನ್ ಬಾಗಿಲಲ್ಲಿ ನಿಲ್ಲುತ್ತೆ. ದೊಡ್ಡ ಚೈನ್ ಒಂದು ಬೀಳುವಾಗ ಎರಡೂ ಕಡೆಯಿಂದ ಏಟು: ಹಿಂದಿನ ಬಾಕಿ ಬರಲ್ಲ, ಮುಂದಿನ ಆರ್ಡರೂ ಇಲ್ಲ.

ಟೋಕಿಯೋಪಾಪ್ ಅನ್ನೋದು ಸ್ಟೂ ಲೆವಿ 1997ರಲ್ಲಿ ಶುರುಮಾಡಿದ ಕಂಪನಿ, ಮೊದಲು ಮಿಕ್ಸ್ ಅಂತ ಹೆಸರು. ಪುಟಗಳನ್ನ ಎಡದಿಂದ ಬಲಕ್ಕೆ ತಿರುಗಿಸದೆ ಜಪಾನಿನ ಹಾಗೇ ಬಲದಿಂದ ಎಡಕ್ಕೆ ಅಚ್ಚು ಹಾಕಿ, ಹತ್ತು ಡಾಲರಿಗೆ ಒಂದು ಸೆಂಟ್ ಕಡಿಮೆಗೆ ಮಾರೋದನ್ನ ಅವರು 2002ರ ಹೊತ್ತಿಗೆ ರೂಢಿಗೆ ತಂದ್ರು. ಆ ಸೈಜು, ಆ ಓದೋ ದಿಕ್ಕು, ಇವತ್ತು ಅಮೆರಿಕದಲ್ಲಿ ಮಂಗಾ ಅಂದ್ರೆ ಕಣ್ಮುಂದೆ ಬರೋದೇ ಅದು. ಅವರಿಗೆ ಬಾರ್ಡರ್ಸ್ ದೊಡ್ಡ ಗಿರಾಕಿ. 2009ರಲ್ಲಿ ಜಪಾನಿನ ದೊಡ್ಡ ಪಬ್ಲಿಷರ್ ಕೊಡಾನ್ಶಾ ತನ್ನ ಲೈಸೆನ್ಸ್‌ಗಳನ್ನ, ಅಂದ್ರೆ ತನ್ನ ಮಂಗಾ ಇಲ್ಲಿ ಅಚ್ಚು ಹಾಕೋ ಹಕ್ಕನ್ನ, ಮುಂದುವರಿಸದೆ ವಾಪಸ್ ತಗೊಂಡಿತ್ತು, ಆ ಗಾಯ ಮಾಯೋ ಮುಂಚೆ ಬಾರ್ಡರ್ಸ್ ಬಿತ್ತು, 2011ರ ಮೇ 31ಕ್ಕೆ ಅಮೆರಿಕದ ಪ್ರಕಾಶನ ನಿಲ್ಲಿಸಿದ್ರು. ಅರ್ಧಕ್ಕೆ ನಿಂತ ಸರಣಿಗಳು ಎಷ್ಟೋ ಜನರ ಶೆಲ್ಫಲ್ಲಿ ಈಗಲೂ ಅರ್ಧಕ್ಕೇ ನಿಂತಿವೆ. ಕಂಪನಿ ಆಮೇಲೆ ಚಿಕ್ಕದಾಗಿ ಮತ್ತೆ ಶುರುವಾಯ್ತು, ಆದ್ರೆ ಆ ಹಳೇ ಪಟ್ಟಿ ಮತ್ತೆ ಬರ್ಲಿಲ್ಲ.

ಹಾಗಾದ್ರೆ ಬಾರ್ನ್ಸ್ ಅಂಡ್ ನೋಬಲ್ ಹೇಗೆ ಉಳ್ಕೊಂಡಿದೆ? ನಮ್ಮನೆ ಹತ್ರ ಹೊಸದೊಂದು ತೆರೆದಿದಾರೆ!

ಅದು ಅಮೆರಿಕದ ಅತಿ ದೊಡ್ಡ ಪುಸ್ತಕದಂಗಡಿ ಚೈನ್, ಅದೂ ಹೋಗುತ್ತೆ ಅಂತಾನೇ ಎಲ್ರೂ ಅನ್ಕೊಂಡಿದ್ರು. ವರ್ಷವರ್ಷ ಅಂಗಡಿ ಕಮ್ಮಿ ಆಗ್ತಿತ್ತು. 2019ರಲ್ಲಿ ಎಲಿಯಟ್ ಅನ್ನೋ ಹೂಡಿಕೆ ಕಂಪನಿ ಕೊಂಡ್ಕೊಂಡು, ಬ್ರಿಟನ್ನಿನ ವಾಟರ್‌ಸ್ಟೋನ್ಸ್ ಚೈನನ್ನ ಮೇಲೆತ್ತಿದ್ದ ಜೇಮ್ಸ್ ಡಾಂಟ್ ಅವರನ್ನ ಕೂರಿಸ್ತು. ಅವರು ಬಂದು ಮಾಡಿದ ದೊಡ್ಡ ಬದಲಾವಣೆ ಎರಡು: ಪಬ್ಲಿಷರ್ ದುಡ್ಡು ಕೊಟ್ಟು ಮುಂದಿನ ಟೇಬಲ್ ಮೇಲೆ ಪುಸ್ತಕ ಇಡಿಸೋ ಪದ್ಧತಿ ನಿಲ್ಲಿಸಿದ್ರು, ಯಾವ ಪುಸ್ತಕ ಎಷ್ಟು ಇಡ್ಬೇಕು ಅನ್ನೋದನ್ನ ಆಯಾ ಊರಿನ ಅಂಗಡಿಯವರಿಗೇ ಬಿಟ್ರು. ಮೊದಲ ಪ್ರಶ್ನೆಯಲ್ಲಿ ನಾಲ್ಕನೇ ವಾಲ್ಯೂಮ್ ಮಾತು ಹೇಳಿದ್ನಲ್ಲ, ಅದನ್ನ ನ್ಯೂಯಾರ್ಕಿನ ಹೆಡ್ ಆಫೀಸಿಂದ ನೋಡೋಕಾಗಲ್ಲ, ಆ ಶೆಲ್ಫ್ ಮುಂದೆ ನಿಂತಿರೋ ಹುಡುಗಿಗೆ ಗೊತ್ತಿರುತ್ತೆ. ಅಷ್ಟರಲ್ಲಿ ಕೋವಿಡ್ ಬಂತು, ಮನೇಲಿ ಕೂತು ಅನಿಮೆ ನೋಡಿದ ಮಕ್ಕಳು 2021ರಲ್ಲಿ ಮಂಗಾ ಶೆಲ್ಫಿಗೆ ನುಗ್ಗಿದ್ರು. ಈಗ ವರ್ಷಕ್ಕೆ ಹತ್ತಾರು ಹೊಸ ಅಂಗಡಿ ತೆರೀತಿದಾರೆ. ಚೈನ್ ಅಂಗಡಿ ಸತ್ತೇಹೋಯ್ತು ಅಂತ ಬರೆಯೋರು ಇದನ್ನ ನೋಡಲ್ಲ ಅನ್ನೋದು ನನಗೆ ಬೇಜಾರು.

## ಎಲ್ಲಿ ಕೊಳ್ಳೋದು

ಅಣ್ಣಾ, ಎಂಎಸ್ ಮಾಡೋಕೆ ಬಂದಿದೀನಿ, ಕಾರಿಲ್ಲ. ಮೊದಲು ಎಲ್ಲಿಗೆ ಹೋಗ್ಲಿ?

ಬಸ್ಸು ಹೋಗೋ ಕಡೆ ಬಾರ್ನ್ಸ್ ಅಂಡ್ ನೋಬಲ್ ಇದ್ರೆ ಅಲ್ಲಿಗೆ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೊಸೆ, ಆಸ್ಟಿನ್, ಡಲ್ಲಾಸ್ ಸುತ್ತಮುತ್ತ ಇದ್ರೆ ಕಿನೊಕುನಿಯಾಗೆ ಒಂದ್ಸಲ ಹೋಗ್ಲೇಬೇಕು. ಅದು 1927ರಲ್ಲಿ ಟೋಕಿಯೋದ ಶಿಂಜುಕುನಲ್ಲಿ ಹುಟ್ಟಿದ ಅಂಗಡಿ, ಅಮೆರಿಕಕ್ಕೆ ಬಂದಿದ್ದು 1969ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಜಪಾನ್‌ಟೌನಿಗೆ. ನ್ಯೂಯಾರ್ಕಿಂದು ಬ್ರಯಂಟ್ ಪಾರ್ಕ್ ಎದುರಿಗೇ ಇದೆ. ಇಂಗ್ಲಿಷ್ ಮಂಗಾನೂ ಜಪಾನಿ ಮೂಲಾನೂ ಒಂದೇ ಸೂರಿನಡಿ ಸಿಗುತ್ತೆ, ಎರಡನ್ನೂ ಕೈಲಿ ಹಿಡ್ಕೊಂಡು ನೋಡಿ, ಜಪಾನಿಂದು ಎಷ್ಟು ಚಿಕ್ಕದು, ಎಷ್ಟು ಹಗುರ ಅಂತ. ಡಿಸ್ಕೌಂಟ್ ಮಾತ್ರ ನಿರೀಕ್ಷೆ ಮಾಡ್ಬೇಡಿ.

ದುಡ್ಡು ಬಿಗಿ ಇದ್ರೆ ಸೆಕೆಂಡ್ ಹ್ಯಾಂಡ್ ನೋಡಿ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಕಡೆ ಬುಕ್ ಆಫ್ ಇದೆ, ಟೆಕ್ಸಾಸ್ ಕಡೆ ಹಾಫ್ ಪ್ರೈಸ್ ಬುಕ್ಸ್. ಟಾರ್ಗೆಟ್, ವಾಲ್‌ಮಾರ್ಟಲ್ಲೂ ಒಂದೆರಡು ಸಾಲು ಇಡ್ತಾರೆ, ತುಂಬಾ ಹೆಸರಾದ ಸರಣಿಗಳು ಮಾತ್ರ.

ಇಷ್ಟೆಲ್ಲಾ ತಲೆನೋವು ಯಾಕೆ, ಆನ್‌ಲೈನಲ್ಲಿ ಒತ್ತಿದ್ರೆ ಮನೆಗೇ ಬರುತ್ತಲ್ಲ?

ಬರುತ್ತೆ. ಮುಂದಿನ ವಾಲ್ಯೂಮ್ ಯಾವುದು ಅಂತ ಗೊತ್ತಿದ್ರೆ ನಾನೂ ಹಾಗೇ ತರಿಸ್ತೀನಿ. ಎರಡು ಎಚ್ಚರ ಇರ್ಲಿ. ಮೊದಲನೇದು, ಮಂಗಾ ಪೇಪರ್‌ಬ್ಯಾಕ್, ಮೂಲೆ ಬೇಗ ಜಜ್ಜಿಹೋಗುತ್ತೆ. ಬರೀ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕಳಿಸೋರು ಇದಾರೆ, ನನಗೆ ಒಂದು ಆನ್‌ಲೈನ್ ಅಂಗಡಿಯಿಂದ ಬೆನ್ನೇ ಮುರಿದು ಬಂದಿತ್ತು. ಎರಡನೇದು, ದೊಡ್ಡ ಸೈಟ್‌ಗಳಲ್ಲಿ ಬೇರೆ ಬೇರೆ ಮಾರಾಟಗಾರರು ಇರ್ತಾರೆ, ಸ್ಟಾಕ್ ಇಲ್ಲದಾಗ ಹನ್ನೆರಡು ಡಾಲರಿನ ಪುಸ್ತಕಕ್ಕೆ ನಲವತ್ತು ಹಾಕಿಟ್ಟಿರ್ತಾರೆ, ಮಾರೋರ ಹೆಸರು ನೋಡದೆ ಒತ್ಬೇಡಿ. ಚಿಕ್ಕ ಅಂಗಡಿಗಳಿಗೆ ಪಾಲು ಹೋಗ್ಲಿ ಅಂತ ಆಸೆ ಇದ್ರೆ 2020ರಲ್ಲಿ ಶುರುವಾದ ಬುಕ್‌ಶಾಪ್ ಡಾಟ್ ಆರ್ಗ್ ಇದೆ.

ರೈಟ್ ಸ್ಟಫ್ ಮುಚ್ಚಿದ್ಮೇಲೆ ಅದರಂಥದ್ದು ಇನ್ನೊಂದು ಇದೆಯಾ?

ಅದರ ಹಾಗೇ ಇರೋದು ಇಲ್ಲ. ರೈಟ್ ಸ್ಟಫ್ 1987ರಲ್ಲಿ ಅಯೋವಾದಲ್ಲಿ ಶುರುವಾದ ಕಂಪನಿ, ಮಂಗಾ ಅನಿಮೆಗೇ ಮೀಸಲಾದ ಆನ್‌ಲೈನ್ ಅಂಗಡಿ ಆಗಿತ್ತು. ಒಂದೊಂದು ಪಬ್ಲಿಷರಿಗೆ ಒಂದೊಂದು ಸೇಲ್ ಸರದಿ ಮೇಲೆ ಬರೋದು, ಜನ ಅದಕ್ಕಂತಾನೇ ಪಟ್ಟಿ ಬರ್ಕೊಂಡು ಕಾಯೋರು, ಪ್ಯಾಕಿಂಗ್ ಅಂತೂ ರಟ್ಟಿನ ಡಬ್ಬಿ ಒಳಗೆ ಒಂದಿಂಚೂ ಅಲುಗಾಡದ ಹಾಗೆ. 2022ರ ಆಗಸ್ಟಲ್ಲಿ ಸೋನಿಯ ಕ್ರಂಚಿರೋಲ್ ಅನ್ನೋ ಅನಿಮೆ ಸ್ಟ್ರೀಮಿಂಗ್ ಕಂಪನಿ ಕೊಂಡ್ಕೊಂಡ್ತು, 2023ರ ಅಕ್ಟೋಬರ್ 10ಕ್ಕೆ ಹಳೇ ಸೈಟ್ ನಿಲ್ಲಿಸಿ ತನ್ನ ಸ್ಟೋರಿಗೆ ಸೇರಿಸ್ಕೊಂಡ್ತು. ಈಗ ಜನ ಒಂದೇ ಕಡೆ ಕೊಳ್ಳಲ್ಲ, ಸೇಲ್ ಇದ್ದಾಗ ಬಾರ್ನ್ಸ್, ಹಳೇದಕ್ಕೆ ಸೆಕೆಂಡ್ ಹ್ಯಾಂಡ್, ಹೊಸದಕ್ಕೆ ಪ್ರೀಆರ್ಡರ್, ಹೀಗೆ ಹಂಚಿಹೋಗಿದಾರೆ.

ಕಾಮಿಕ್ಸ್ ಅಂಗಡಿಯೋರಿಗೆ ಮಂಗಾ ಕಂಡ್ರೆ ಯಾಕಾಗಲ್ಲ?

ಆಗಲ್ಲ ಅಂತಲ್ಲ, ಭಯ. ಪುಸ್ತಕದಂಗಡಿಗೆ ವಾಪಸ್ ಕಳಿಸೋ ಅವಕಾಶ ಇದೆ ಅಂದ್ನಲ್ಲ, ಕಾಮಿಕ್ಸ್ ಅಂಗಡಿಗಳು ಸಾಮಾನ್ಯವಾಗಿ ವಾಪಸಾತಿ ಇಲ್ಲದ ಲೆಕ್ಕದಲ್ಲಿ ಕೊಳ್ತವೆ, ಅದಕ್ಕೆ ಬದಲು ರಿಯಾಯಿತಿ ಜಾಸ್ತಿ. ಮೂವತ್ತು ವಾಲ್ಯೂಮಿನ ಸರಣಿ ತರಿಸಿ ಹೋಗ್ಲಿಲ್ಲ ಅಂದ್ರೆ ಅಷ್ಟೂ ಅವರ ತಲೆ ಮೇಲೆ. ದಶಕಗಟ್ಟಲೆ ಅವರಿಗೆ ಸರಬರಾಜು ಮಾಡ್ತಿದ್ದ ಡೈಮಂಡ್ ಕಂಪನಿ 2025ರ ಜನವರೀಲಿ ದಿವಾಳಿ ಅರ್ಜಿ ಹಾಕ್ತು, ಆ ಗಲಾಟೆ ಬೇರೆ. ಆದ್ರೂ ಮಂಗಾ ಪ್ರೀತಿಯಿಂದ ಇಡೋ ಅಂಗಡಿಗಳಿವೆ, ಅಂಥದ್ದು ನಿಮ್ಮೂರಲ್ಲಿದ್ರೆ ಬಿಡ್ಬೇಡಿ.

ಮಗಳಿಗೆ ಹದಿಮೂರು, ಒಂದು ವಾಲ್ಯೂಮ್ ಅರ್ಧ ಗಂಟೇಲಿ ಮುಗಿಸ್ತಾಳೆ. ಎಲ್ಲಾ ಕೊಡಿಸೋಕೆ ಹೋದ್ರೆ ನಾವು ಉಪವಾಸ. ಏನ್ಮಾಡೋದು?

ಲೈಬ್ರರಿಗೆ ಕರ್ಕೊಂಡು ಹೋಗಿ. ಅಮೆರಿಕದ ಪಬ್ಲಿಕ್ ಲೈಬ್ರರಿಗಳಲ್ಲಿ ಟೀನ್ ಸೆಕ್ಷನ್ ಅಂದ್ರೆ ಈಗ ಅರ್ಧ ಮಂಗಾನೇ. ಒಂದು ಶಾಖೇಲಿ ಇಲ್ಲದ ನಂಬರನ್ನ ಹೋಲ್ಡ್ ಹಾಕಿದ್ರೆ ಪಕ್ಕದ ಊರಿಂದ ತರಿಸ್ಕೊಡ್ತಾರೆ. ಕಾರ್ಡ್ ಇದ್ರೆ ಲಿಬ್ಬಿ, ಹೂಪ್ಲಾ ಆ್ಯಪಲ್ಲೂ ಓದಬಹುದು, ಯಾವ ಆ್ಯಪ್ ಅನ್ನೋದು ಆಯಾ ಲೈಬ್ರರಿ ಮೇಲೆ ಹೋಗುತ್ತೆ. ಮಕ್ಕಳು ಬರೆದುಕೊಟ್ಟ ಪಟ್ಟಿ ನೋಡಿ ಪುಸ್ತಕ ತರಿಸೋ ಲೈಬ್ರೇರಿಯನ್‌ಗಳು ಎಷ್ಟೋ ಜನ ಇದಾರೆ, ಆ ಕೌಂಟರಲ್ಲಿ ಮಗಳ ಕೈಲೇ ಕೇಳಿಸಿ.

ಹಿಂದಿನ ಕವರಲ್ಲಿ ವಯಸ್ಸಿನ ಗುರುತು ಇರುತ್ತೆ, ಟೀನ್, ಟೀನ್ ಪ್ಲಸ್, ಮೆಚ್ಯೂರ್ ಅಂತ. ಚಿತ್ರ ಮುದ್ದಾಗಿದೆ ಅಂತ ಒಳಗಿರೋದು ಮಕ್ಕಳದ್ದೇ ಅನ್ಕೋಬೇಡಿ, ಅದನ್ನ ನೋಡೇ ಕೊಡಿ. ಅವಳು ಎರಡೆರಡು ಸಲ ಓದಿದ್ದು ಯಾವುದು ಅಂತ ಗಮನಿಸಿ, ಹುಟ್ಟಿದಹಬ್ಬಕ್ಕೆ ಅದನ್ನ ಮಾತ್ರ ಕೊಡಿಸಿ.

ಫೋನಲ್ಲೇ ಓದಿದ್ರೆ ಆಗಲ್ವಾ? ಪುಸ್ತಕ ಇಡೋಕೆ ಮನೇಲಿ ಜಾಗ ಇಲ್ಲ.

ಆಗುತ್ತೆ, ಕಾನೂನುಬದ್ಧವಾಗಿ ಕಡಿಮೆ ಖರ್ಚಲ್ಲಿ ಆಗುತ್ತೆ. ಅಮೆರಿಕದ ಮಂಗಾ ಪಬ್ಲಿಷರ್ ವಿಜ್‌ನ ಶೋನೆನ್ ಜಂಪ್ ಆ್ಯಪಿನ ಸಬ್‌ಸ್ಕ್ರಿಪ್ಷನ್ 2018ರ ಡಿಸೆಂಬರಲ್ಲಿ ತಿಂಗಳಿಗೆ ಎರಡು ಡಾಲರಿನ ಆಸುಪಾಸಿಗೆ ಶುರುವಾಯ್ತು, ಆಮೇಲೆ ಸ್ವಲ್ಪ ಏರಿದೆ, ಆದ್ರೂ ಒಂದು ಪುಸ್ತಕದ ದುಡ್ಡಲ್ಲಿ ಕೆಲವು ತಿಂಗಳು ಓದಬಹುದು. ಇಂಡಿಯಾದಲ್ಲೂ ಸಿಗುತ್ತೆ. ಜಪಾನಿನ ಶುಯೆಶಾ ಕಂಪನಿಯ ಮಂಗಾ ಪ್ಲಸ್ ಆ್ಯಪ್ 2019ರಲ್ಲಿ ಬಂತು, ಹೊಸ ಅಧ್ಯಾಯಗಳು ಜಪಾನಲ್ಲಿ ಬಂದ ದಿನವೇ ಓದೋಕೆ ಸಿಗುತ್ತೆ.

ಡಿಜಿಟಲಲ್ಲಿ ಒಂದು ವಿಷಯ ತಿಳ್ಕೊಂಡಿರಿ, ನೀವು ಕೊಳ್ಳೋದು ಪುಸ್ತಕ ಅಲ್ಲ, ಓದೋ ಅನುಮತಿ. ಕಾಮಿಕ್ಸಾಲಜಿ ಅಂತ ಬಹಳ ಚೆನ್ನಾಗಿದ್ದ ಆ್ಯಪ್ ಇತ್ತು, 2014ರಲ್ಲಿ ಅಮೆಜಾನ್ ಕೊಂಡ್ಕೊಂಡು 2023ರ ಕೊನೇಲಿ ಆ್ಯಪನ್ನೇ ನಿಲ್ಲಿಸಿ ಎಲ್ಲಾ ಕಿಂಡಲಿಗೆ ಸೇರಿಸ್ತು. ಪುಸ್ತಕಗಳು ಉಳಿದ್ವು, ಆದ್ರೆ ಜನ ವರ್ಷಗಟ್ಟಲೆ ಜೋಡಿಸ್ಕೊಂಡಿದ್ದ ಕ್ರಮ, ಓದೋ ಸುಖ ಹೋಯ್ತು. ಮತ್ತೆ ಮತ್ತೆ ಓದೋ ಸರಣಿ ಇದ್ರೆ ಕಾಗದದ್ದೇ ಇಟ್ಕೊಳ್ಳಿ.

## ಊರಿನ ಮಾತು

ಬೆಂಗಳೂರಲ್ಲಿ ಒಳ್ಳೇ ಮಂಗಾ ಕಲೆಕ್ಷನ್ ಎಲ್ಲಿದೆ? ಲ್ಯಾಂಡ್‌ಮಾರ್ಕ್ ಇದ್ದಾಗ ಚೆನ್ನಾಗಿತ್ತು.

ಕೋರಮಂಗಲದ ಫೋರಂ ಮಾಲ್ ಲ್ಯಾಂಡ್‌ಮಾರ್ಕ್ ನೆನೆಸ್ಕೊಂಡ್ರೆ ನನಗೂ ಹೊಟ್ಟೇಲಿ ಸಂಕಟ ಆಗುತ್ತೆ. ಈಗ ಚರ್ಚ್ ಸ್ಟ್ರೀಟಿಗೆ ಹೋಗಿ, ಬ್ಲಾಸಮ್ ಮತ್ತು ಬುಕ್‌ವರ್ಮ್ ಎರಡೂ ನೋಡಿ, ಹೊಸದು ಹಳೇದು ಎರಡೂ ಸಿಗುತ್ತೆ, ಕೇಳಿದ್ರೆ ಹುಡುಕಿಕೊಡ್ತಾರೆ. ಚೈನ್‌ಗಳಲ್ಲಿ ಉಳಿದಿರೋದು ಕ್ರಾಸ್‌ವರ್ಡ್, ಮತ್ತೆ ನಮ್ಮ ಸಪ್ನಾ. ಸಪ್ನಾ 1967ರಿಂದ ಗಾಂಧಿನಗರದಲ್ಲಿ ಬೇರು ಬಿಟ್ಟಿರೋದು, ಪಠ್ಯಪುಸ್ತಕ, ಸ್ಟೇಷನರಿ, ಕನ್ನಡ ಪ್ರಕಟಣೆ ಎಲ್ಲಾ ಒಟ್ಟಿಗೆ ಇಟ್ಕೊಂಡಿದ್ದಕ್ಕೇ ಗಟ್ಟಿಯಾಗಿ ನಿಂತಿದೆ ಅಂತ ನನ್ನ ಅನಿಸಿಕೆ. ವಿಜ್ ಪುಸ್ತಕಗಳನ್ನ ಇಂಡಿಯಾಕ್ಕೆ ತರೋದು ಸೈಮನ್ ಅಂಡ್ ಶೂಸ್ಟರ್ ಇಂಡಿಯಾ, ಹಾಗಾಗಿ ನಿಮ್ಮೂರಿನ ಚಿಕ್ಕ ಅಂಗಡಿಯವರೂ ಮನಸ್ಸು ಮಾಡಿದ್ರೆ ತರಿಸ್ಕೊಡಬಹುದು, ಹೆಸರು, ವಾಲ್ಯೂಮ್ ನಂಬರ್, ಐಎಸ್‌ಬಿಎನ್ ಮೂರೂ ಚೀಟಿಲಿ ಬರೆದುಕೊಡಿ.

ನೂರೈವತ್ತಕ್ಕೆ ಒಂದು ವಾಲ್ಯೂಮ್, ಇಡೀ ಸೆಟ್ ತಗೊಂಡ್ರೆ ಇನ್ನೂ ಕಮ್ಮಿ ಅಂತಿದಾರೆ. ಅಸಲೀನಾ?

ಬಹುತೇಕ ನಕಲಿ. ಒಳಗೆ ತೆಗೆದು ಬೂದು ಬಣ್ಣದ ಜಾಗಗಳನ್ನ ನೋಡಿ. ಅಸಲಿ ಪುಸ್ತಕದಲ್ಲಿ ಅದು ಸಣ್ಣ ಸಣ್ಣ ಚುಕ್ಕಿಗಳಾಗಿ ಬಿಡಿಬಿಡಿಯಾಗಿ ಕಾಣುತ್ತೆ, ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ರಲ್ಲಿ ಆ ಚುಕ್ಕಿಗಳು ಒಂದಕ್ಕೊಂದು ಅಂಟ್ಕೊಂಡು ಮಸಿ ಬಳಿದ ಹಾಗೆ, ಇಲ್ಲಾಂದ್ರೆ ಅಲೆ ಅಲೆಯಾಗಿ ಕಾಣುತ್ತೆ. ಅಂಚಿನ ಮಾತುಗಳು ಅರ್ಧ ಕತ್ತರಿಸಿಹೋಗಿರುತ್ತೆ, ಬೆನ್ನಿನ ಮೇಲಿನ ಹೆಸರು ಒಂದರಲ್ಲಿ ಮೇಲೆ ಒಂದರಲ್ಲಿ ಕೆಳಗೆ. ಅಸಲಿ ದುಬಾರಿ ಅನ್ನಿಸೋದು ಸಹಜ, ಕಾಲೇಜು ಹುಡುಗರ ಜೇಬಿಗೆ ಐನೂರು ಚಿಕ್ಕ ದುಡ್ಡಲ್ಲ. ಹಾಗಿದ್ರೆ ಮೇಲೆ ಹೇಳಿದ ಆ್ಯಪಲ್ಲಿ ಓದಿ, ಇಷ್ಟ ಆದ ಒಂದನ್ನ ಅಸಲಿ ಕೊಳ್ಳಿ. ನಕಲಿ ಸೆಟ್ಟಿಗೆ ಕೊಟ್ಟ ದುಡ್ಡಲ್ಲಿ ಬರೆದೋರಿಗೆ ಒಂದು ಪೈಸಾನೂ ಹೋಗಲ್ಲ.

## ಇನ್ನೂ ಆಳಕ್ಕೆ

ಜಪಾನಲ್ಲೇ ಪುಸ್ತಕದಂಗಡಿ ಮುಚ್ತಿದಾವಂತೆ, ಹೌದಾ?

ಹೌದು. ಅಲ್ಲಿ ಊರೂರಿನ ಚಿಕ್ಕ ಅಂಗಡಿಗಳು ಬದುಕಿದ್ದೇ ವಾರಪತ್ರಿಕೆ ಮತ್ತು ಕಾಮಿಕ್ಸ್ ಮೇಲೆ. ವೀಕ್ಲಿ ಶೋನೆನ್ ಜಂಪ್ 1994ರ ಕೊನೇಲಿ ಒಂದು ಸಂಚಿಕೆಗೆ 65 ಲಕ್ಷ ಪ್ರತಿ ದಾಟಿತ್ತು, ಆ ಕಾಲ ಮತ್ತೆ ಬರ್ಲಿಲ್ಲ. 2017ರಲ್ಲಿ ಡಿಜಿಟಲ್ ಕಾಮಿಕ್ಸ್ ಮಾರಾಟ ಅಚ್ಚಿನ ವಾಲ್ಯೂಮ್‌ಗಳ ಮಾರಾಟಾನ ಮೀರಿಸ್ತು. ಅಂದ್ರೆ ಮಂಗಾ ಗೆಲ್ತಾ ಇರುವಾಗಲೇ ಮಂಗಾ ಮಾರೋ ಅಂಗಡಿ ಸೋಲ್ತಿದೆ. ಹೊಸ ಪುಸ್ತಕಕ್ಕೆ ಅಲ್ಲಿ ಡಿಸ್ಕೌಂಟ್ ಯುದ್ಧ ಇಲ್ಲ, ಪಬ್ಲಿಷರ್ ಹಾಕಿದ ಬೆಲೆಗೇ ಎಲ್ರೂ ಮಾರ್ಬೇಕು, ಆದ್ರೂ ಉಳಿಯೋ ಲಾಭ ತೀರಾ ತೆಳು. 2024ರಲ್ಲಿ ಅಲ್ಲಿನ ಆರ್ಥಿಕ ಸಚಿವಾಲಯ ಪುಸ್ತಕದಂಗಡಿ ಉಳಿಸೋಕೇ ಒಂದು ತಂಡ ಕಟ್ತು, ಎಷ್ಟೋ ಊರಲ್ಲಿ ಒಂದೂ ಅಂಗಡಿ ಇಲ್ಲದ ಸ್ಥಿತಿ ಬಂದಿದೆ. ಅಭಿಮಾನಿಗಳ ವಿಶೇಷ ಅಂಗಡಿಗಳಿಗೂ ಕಷ್ಟ ಬಂದಿದೆ, ತೊರಾನೊಅನ ಅನ್ನೋ ಚೈನ್ 2022ರ ಆಗಸ್ಟಲ್ಲಿ ಟೋಕಿಯೋದ ಇಕೆಬುಕುರೊದ್ದೊಂದನ್ನ ಬಿಟ್ಟು ಬಾಕಿ ಶಾಖೆಗಳನ್ನ ಮುಚ್ತು. ಅದೇ ಇಕೆಬುಕುರೊದಲ್ಲಿ 1983ರಲ್ಲಿ ಹುಟ್ಟಿದ ಆ್ಯನಿಮೇಟ್ ಮಾತ್ರ ಬೆಳೀತಾ ಇದೆ.

ನನಗೆ ಬೇಕಾದ ವಾಲ್ಯೂಮ್ ಎಲ್ಲೂ ಇಲ್ಲ, ಇರೋ ಕಡೆ ಚಿನ್ನದ ಬೆಲೆ. ಕಾಯ್ಲಾ, ಕೊಳ್ಳಲಾ?

ಪಬ್ಲಿಷರ್ ಸೈಟಲ್ಲಿ ಆ ಪುಸ್ತಕ ಇನ್ನೂ ಪಟ್ಟಿಲಿ ಇದ್ರೆ ಕಾಯಿರಿ, ಮರುಮುದ್ರಣ ಬರುತ್ತೆ. 2021ರಲ್ಲಿ ಕಾಗದ, ಪ್ರೆಸ್ಸು, ಹಡಗು ಎಲ್ಲಾ ಒಟ್ಟಿಗೆ ಕೈಕೊಟ್ಟಾಗ ತಿಂಗಳುಗಟ್ಟಲೆ ಸಿಗದಿದ್ದ ಎಷ್ಟೋ ನಂಬರ್‌ಗಳು ಆಮೇಲೆ ಮಾಮೂಲಿ ಬೆಲೆಗೆ ರಾಶಿ ಬಿದ್ವು, ಆಗ ಮೂರು ಪಟ್ಟು ಕೊಟ್ಟೋರು ಕೈ ಸುಟ್ಕೊಂಡ್ರು. ಲೈಸೆನ್ಸೇ ಮುಗಿದಿದ್ರೆ ಕತೆ ಬೇರೆ, ಅದು ಇನ್ನೊಬ್ಬ ಪಬ್ಲಿಷರ್ ಕೈಗೆ ಹೋಗಿ ಎರಡು ಮೂರು ವಾಲ್ಯೂಮ್ ಒಟ್ಟಿಗೆ ಸೇರಿಸಿದ ದಪ್ಪ ಆವೃತ್ತಿಯಾಗಿ ಬರಬಹುದು, ಬರದೇನೂ ಇರಬಹುದು. ಆಗ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಹುಡುಕಿ.

ಸರಣಿ ಪೂರ್ತಿ ಬಂದ್ಮೇಲೆ ಒಟ್ಟಿಗೆ ತಗೋಳೋಣ ಅಂತಿದೀನಿ. ತಪ್ಪಾ?

ದೊಡ್ಡ ಹೆಸರಿನ ಸರಣಿ ಆದ್ರೆ ಏನೂ ತೊಂದ್ರೆ ಇಲ್ಲ, ಬಾಕ್ಸ್ ಸೆಟ್ ಬಂದಾಗ ದುಡ್ಡೂ ಉಳಿಯುತ್ತೆ. ಚಿಕ್ಕ ಸರಣಿಗೆ ಹಾಗೆ ಕಾಯ್ಬೇಡಿ. ಮೊದಲ ಒಂದೆರಡು ವಾಲ್ಯೂಮ್ ಎಷ್ಟು ಹೋಯ್ತು ಅಂತ ನೋಡೇ ಅಂಗಡಿಯವರು ಮೂರನೇದು ಎಷ್ಟು ಇಡೋದು ಅಂತ ತೀರ್ಮಾನ ಮಾಡೋದು, ಪಬ್ಲಿಷರ್ ಎಷ್ಟು ಅಚ್ಚು ಹಾಕೋದು ಅಂತ ಲೆಕ್ಕ ಹಾಕೋದು. ಎಲ್ರೂ ಪೂರ್ತಿ ಆಗ್ಲಿ ಅಂತ ಕಾದ್ರೆ ಅದು ಪೂರ್ತಿ ಆಗೋದೇ ಇಲ್ಲ. ಇಷ್ಟ ಆಗಿದ್ರೆ ಮುಂದಿನ ವಾಲ್ಯೂಮನ್ನ ಹತ್ತಿರದ ಅಂಗಡೀಲೇ ಪ್ರೀಆರ್ಡರ್ ಮಾಡಿ. ಅವರು ನಿಮಗೊಂದು ತರಿಸುವಾಗ ಶೆಲ್ಫಿಗೆ ಇನ್ನೊಂದು ಸೇರಿಸಿ ತರಿಸೋದುಂಟು.